ಮುಕ್ಕಾಲಿ ಕೊಡುವ ಮುನ್ನ

ಕಾರ್ತಿಕ ದೀಪೋತ್ಸವದ ಮರುದಿನ ಬೆಳಿಗ್ಗೆ ಅಕ್ಕನ ಮಗಳು ವಾಟ್ಸ್‌ಆ್ಯಪ್‌ನಲ್ಲಿ 11 ಫೋಟೊ ಕಳಿಸಿದ್ದಳು. ಸಾಗರ ಸೀಮೆಯ ನಮ್ಮೂರ ದೇವಸ್ಥಾನದ ಅಂಗಳ, ಮೆಟ್ಟಿಲಗುಂಟ ಹಣತೆಗಳ ಸಾಲು, ಎಣ್ಣೆ ಎರೆಯಲು ಬಾಗಿದ ಹೆಂಗಸರು. ನಿಂತ ಜಾಗ ಚೆನ್ನಾಗಿತ್ತು, ನೋಡಿದ ಕೋನವೂ ಚೆನ್ನಾಗಿತ್ತು. ಆದರೆ ಒಂದರಲ್ಲೂ ದೀಪ ದೀಪವಾಗಿ ಉಳಿದಿರಲಿಲ್ಲ. ಪ್ರತಿಯೊಂದು ಕುಡಿಯೂ ಎರೆಹುಳುವಿನಂತೆ ಸೊಟ್ಟಗೆ ಎಳೆದುಕೊಂಡಿತ್ತು. ಕೆಳಗೆ ಒಂದೇ ಸಾಲು: ‘ಮಾವ, ಕ್ಯಾಮೆರಾ ಹಾಳಾಗಿದ್ಯಾ?’

ಫೋಟೊದ ವಿವರ ತೆರೆದು ನೋಡಿದೆ. ಲೆನ್ಸು 55 ಎಂಎಂನಲ್ಲಿತ್ತು, ಶಟರ್ 1/4 ಸೆಕೆಂಡು ತೆರೆದಿತ್ತು. ಕೈಯಲ್ಲಿ ಹಿಡಿದು ತೆಗೆಯುವಾಗ 50 ಎಂಎಂ ಲೆನ್ಸಿಗೆ 1/50 ಸೆಕೆಂಡು, 200 ಎಂಎಂಗೆ 1/200 ಸೆಕೆಂಡು, ಅದಕ್ಕಿಂತ ನಿಧಾನವಾದರೆ ಚಿತ್ರ ಅಲುಗುತ್ತದೆ ಎಂಬುದು ಫಿಲ್ಮ್ ಕಾಲದಿಂದ ಬಂದ ಲೆಕ್ಕ. ಅವಳದು ಸಣ್ಣ ಸೆನ್ಸರಿನ ಕ್ಯಾಮೆರಾ, ಹಾಗಾಗಿ 55ನ್ನು ಒಂದೂವರೆಯಿಂದ ಗುಣಿಸಬೇಕು, ಸುಮಾರು 82 ಆಗುತ್ತದೆ. 1/80 ಸೆಕೆಂಡು ಬೇಕಿದ್ದ ಕಡೆ ಅದರ 20 ಪಟ್ಟು ಹೊತ್ತು ಕ್ಯಾಮೆರಾ ಹಿಡಿದು ನಿಂತಿದ್ದಾಳೆ ಹುಡುಗಿ. ಲೆನ್ಸಿನೊಳಗಿನ ಸ್ಟೆಬಿಲೈಸೇಶನ್ ಒಂದಿಷ್ಟು ಕಾಪಾಡುತ್ತದೆ, ಆದರೆ ಉದ್ದ ಜೂಮಿನಲ್ಲಿ ಕಾಲು ಸೆಕೆಂಡು ಎಂದರೆ ಅದರ ಕೈಯಲ್ಲೂ ಆಗದ ಕೆಲಸ. ಐಎಸ್‌ಒ ಏರಿಸಿದರೆ ವೇಗ ಸಿಗುತ್ತಿತ್ತು, ಜೊತೆಗೆ ಕತ್ತಲೆಯ ತುಂಬ ರವೆ ಚೆಲ್ಲಿದಂತೆ ಕಾಳುಕಾಳು ಬರುತ್ತಿತ್ತು. ಕ್ಯಾಮೆರಾ ಸರಿಯಾಗಿಯೇ ಇದೆ, ಅದು ನಿಲ್ಲುವುದಕ್ಕೊಂದು ನೆಲೆ ಬೇಕು ಅಷ್ಟೇ ಎಂದು ಬರೆದೆ. ಜನವರಿಯಲ್ಲಿ ಅವಳ ಹುಟ್ಟುಹಬ್ಬ. ಟ್ರೈಪಾಡ್ ಕೊಡುವುದೆಂದು ಆಗಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡೆ. 4,000 ರೂಪಾಯಿಯ ಒಳಗೆ.

ಉಡುಗೊರೆಗೆ ಟ್ರೈಪಾಡ್ ಹುಡುಕುವವರು ಬಹಳ ಜನ ಇದ್ದಾರೆ. ಕ್ಯಾಮೆರಾ ಕೊಡಿಸುವುದು ಅಪ್ಪ ಅಮ್ಮನ ಪಾಲಿಗೆ ಬರುತ್ತದೆ, ಲೆನ್ಸು ಎಲ್ಲರ ಕೈಗೆ ಎಟುಕುವುದಿಲ್ಲ. ಮಾವ, ಚಿಕ್ಕಪ್ಪ, ಅಕ್ಕ, ಸ್ನೇಹಿತರಿಗೆ ಉಳಿಯುವುದು ಟ್ರೈಪಾಡ್. ನೋಡಲು ದೊಡ್ಡದು, ಪೊಟ್ಟಣ ಉದ್ದಕ್ಕಿರುತ್ತದೆ, ಬೆಲೆ ಜೇಬಿಗೆ ಹಿಡಿಸುತ್ತದೆ. ಅಲ್ಲೇ ತಪ್ಪುವುದು. 1,200 ರೂಪಾಯಿಗೆ ಐದೂವರೆ ಅಡಿ ಏರುವ, ಮಿರಮಿರ ಮಿನುಗುವ ಸ್ಟ್ಯಾಂಡು ಸಿಗುವಾಗ 4,000 ಯಾಕೆ ಎಂದು ಯಾರಿಗಾದರೂ ಅನಿಸುತ್ತದೆ.

ನನಗೂ ಅನಿಸಿತ್ತು. ನಾನು ಮೊದಲು ಕೊಂಡ ಟ್ರೈಪಾಡಿಗೆ 900 ರೂಪಾಯಿ. ಹೆಬ್ಬೆರಳಿನಷ್ಟೂ ದಪ್ಪವಿಲ್ಲದ ಕಾಲುಗಳು, ಮೇಲೆ ಪ್ಲಾಸ್ಟಿಕ್ಕಿನ ತಲೆ, ಕ್ಯಾಮೆರಾ ಕೂರಿಸುವ ಪ್ಲೇಟೂ ಪ್ಲಾಸ್ಟಿಕ್ಕೇ. ಗಾಳಿ ಬೀಸಿದರೆ ತೊನೆಯುತ್ತಿತ್ತು. ಗಾಳಿ ಇಲ್ಲದಾಗ ಶಟರ್ ಒತ್ತಿದ ಬೆರಳಿಗೇ ತೊನೆಯುತ್ತಿತ್ತು. ಅದರ ಮೇಲಿಟ್ಟು ತೆಗೆದ ಚಿತ್ರ ಕೈಯಲ್ಲಿ ಹಿಡಿದು ತೆಗೆದದ್ದಕ್ಕಿಂತ ಕೆಟ್ಟದಾಗಿ ಬಂದದ್ದುಂಟು. ಆರನೇ ತಿಂಗಳಲ್ಲಿ ಕೆರೆ ಏರಿಯ ಮೇಲೆ, ಸೂರ್ಯ ಮುಳುಗುವ ಹೊತ್ತಿಗೆ ಪ್ಲೇಟಿನ ಕೊಕ್ಕೆ ‘ಟಕ್’ ಎಂದಿತು. ಕ್ಯಾಮೆರಾ ಲೆನ್ಸು ಮುಂದಾಗಿ ಕಲ್ಲಿನ ಮೇಲೆ ಬಿತ್ತು. ರಿಪೇರಿಗೆ ಹೋದ ದುಡ್ಡು ಬೇರೆ ಲೆಕ್ಕ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಟ್ರೈಪಾಡ್ ಎಂಬುದೇ ರಗಳೆಯ ವಸ್ತು ಎಂದು ನಂಬಿ ಎರಡು ವರ್ಷ ಅದನ್ನು ಮುಟ್ಟದೇ ಇದ್ದದ್ದು. ಮುಂಜಾವಿನ ಮಂಜು, ಮಳೆಗಾಲದ ಹಳ್ಳ, ಬೆಳದಿಂಗಳು ಎಲ್ಲವನ್ನೂ ಕಲಿಯಬೇಕಾಗಿದ್ದ ಎರಡು ವರ್ಷ ಅದು. ಕಲಿಯುವವರ ಕೈಗೆ ಕೆಟ್ಟ ಟ್ರೈಪಾಡ್ ಕೊಡುವುದಕ್ಕಿಂತ ಏನೂ ಕೊಡದಿರುವುದು ಒಳ್ಳೆಯದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಾಗಂತ ಬೆಲೆ ಹೆಚ್ಚಿದ್ದದ್ದೆಲ್ಲ ಬೇಕು ಎಂದೂ ಅಲ್ಲ. ಬೇಕಿರುವುದು ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬಿಡಬೇಕು ಎಂಬ ಅರಿವು.

ಮೊದಲು ನೋಡಬೇಕಾದ್ದು ಕ್ಯಾಮೆರಾವನ್ನಲ್ಲ, ಆ ಹುಡುಗ ಅಥವಾ ಹುಡುಗಿ ತೆಗೆಯುವ ಚಿತ್ರಗಳನ್ನು. ಟ್ರೈಪಾಡ್ ಕ್ಯಾಮೆರಾವನ್ನು ನಿಲ್ಲಿಸುತ್ತದೆ, ಎದುರಿಗಿರುವವರನ್ನು ನಿಲ್ಲಿಸುವುದಿಲ್ಲ. ಓಡುವ ಮಕ್ಕಳು, ಹಾರುವ ಹಕ್ಕಿ, ಸಂತೆಯ ಗದ್ದಲ ಇಷ್ಟವಾದವರಿಗೆ ಅದು ಅಟ್ಟ ಸೇರುವ ವಸ್ತು. ಯಕ್ಷಗಾನದ ಕುಣಿತವನ್ನು ಟ್ರೈಪಾಡಿಟ್ಟು ನಿಧಾನ ಶಟರಿನಲ್ಲಿ ತೆಗೆದರೆ ರಂಗಸ್ಥಳದ ಕಂಬ ಸ್ಪಷ್ಟವಾಗಿ ಬರುತ್ತದೆ, ವೇಷ ಕರಗಿಹೋಗುತ್ತದೆ. ಕಬಿನಿ, ನಾಗರಹೊಳೆಯ ಸಫಾರಿ ಜೀಪಿನಲ್ಲಿ ಮೂರು ಕಾಲು ಚಾಚಲು ಜಾಗವೇ ಇರುವುದಿಲ್ಲ. ಅಲ್ಲಿ ಉದ್ದ ಲೆನ್ಸನ್ನು ಕಾಪಾಡುವುದು ಚೀಲ. ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಎರಡು ಕಿಲೊ ಅಕ್ಕಿಯನ್ನೋ ಹುರುಳಿಯನ್ನೋ ತುಂಬಿ, ಬಾಯಿ ಹೊಲಿದು ಜೀಪಿನ ಅಂಚಿನ ಮೇಲೆ ಹಾಸಿದರೆ ಸಾಕು. ಹಕ್ಕಿ, ಪ್ರಾಣಿ ಎಂದು ಅಲೆಯುವ ಹುಡುಗರಿಗೆ ಅಂಥದ್ದೊಂದು ಹೊಲಿದು ಕೊಡಿ, ಖರ್ಚು ನೂರು ಚಿಲ್ಲರೆ. ಭೂದೃಶ್ಯ, ದೇವಸ್ಥಾನ, ಹೂವಿನ ಹತ್ತಿರದ ಚಿತ್ರ, ದೀಪ, ನಕ್ಷತ್ರ, ಮನೆಮಂದಿಯನ್ನೆಲ್ಲ ಕೂರಿಸಿ ತೆಗೆಯುವ ಗುಂಪುಚಿತ್ರ, ಇವುಗಳ ಕಡೆ ಮನಸ್ಸಿದ್ದವರಿಗೆ ಮಾತ್ರ ಟ್ರೈಪಾಡ್. ಅಕ್ಕನ ಮಗಳು ಮೂರು ತಿಂಗಳಲ್ಲಿ ಕಳಿಸಿದ್ದರಲ್ಲಿ ಅರ್ಧಕ್ಕರ್ಧ ಸಂಜೆಯವು. ನನ್ನ ಅನುಮಾನ ಅಲ್ಲಿಗೆ ಬಗೆಹರಿದಿತ್ತು.

ಡಿಸೆಂಬರಿನಲ್ಲಿ ಶಿವಮೊಗ್ಗಕ್ಕೆ ಹೋದಾಗ ಕ್ಯಾಮೆರಾ ಅಂಗಡಿಯೊಂದಕ್ಕೆ ಹೋದೆ. ಅವಳ ಕ್ಯಾಮೆರಾ ತರುವಂತಿರಲಿಲ್ಲ, ಗುಟ್ಟು ಬಯಲಾಗುತ್ತಿತ್ತು. ಹೆಚ್ಚುಕಡಿಮೆ ಅದೇ ತೂಕದ ನನ್ನದನ್ನೇ ಒಯ್ದಿದ್ದೆ. ಕಲಿಯುವವರ ಡಿಎಸ್ಎಲ್ಆರ್ ಬಾಡಿ ಬ್ಯಾಟರಿ ಸಮೇತ ಅರ್ಧ ಕಿಲೊ ಆಸುಪಾಸು, 18–55 ಕಿಟ್ ಲೆನ್ಸು ಇನ್ನೊಂದು 200 ಗ್ರಾಂ. ಒಟ್ಟು ಮುಕ್ಕಾಲು ಕಿಲೊ ಅಂದುಕೊಳ್ಳಿ. ಅಂಗಡಿಯವರು ಎರಡು ಟ್ರೈಪಾಡ್ ತಂದು ಗಲ್ಲೆಯ ಮುಂದೆ ಬಿಚ್ಚಿ ನಿಲ್ಲಿಸಿದರು. ಒಂದು ನನ್ನ ತಲೆ ಮುಟ್ಟುವಷ್ಟು ಎತ್ತರ, 1,500 ರೂಪಾಯಿ. ಇನ್ನೊಂದು ಎದೆಮಟ್ಟ, 4,000ಕ್ಕೆ ಹತ್ತಿರ. ಎರಡರ ಡಬ್ಬದ ಮೇಲೂ 5 ಕಿಲೊ ಹೊರುತ್ತದೆ ಎಂದು ಬರೆದಿತ್ತು.

ಕ್ಯಾಮೆರಾವನ್ನು ಎತ್ತರದ್ದರ ಮೇಲೆ ಕೂರಿಸಿದೆ. ಅಂಗಡಿಯ ಆ ಕೊನೆಯ ಗೋಡೆಯಲ್ಲಿ ಬ್ಯಾಂಕಿನ ಕ್ಯಾಲೆಂಡರ್ ತೂಗಿತ್ತು. ಲೆನ್ಸನ್ನು 55ಕ್ಕೆ ತಂದು, ಹಿಂದಿನ ಪರದೆಯಲ್ಲಿ ಲೈವ್ ವ್ಯೂ ಹಾಕಿ, ಕ್ಯಾಲೆಂಡರಿನ 14ನೇ ತಾರೀಖನ್ನು ಹತ್ತು ಪಟ್ಟು ದೊಡ್ಡದು ಮಾಡಿಕೊಂಡೆ. ಆಮೇಲೆ ಒಂದು ಕಾಲಿನ ನಡುಭಾಗಕ್ಕೆ ಉಗುರಿನಿಂದ ಮೆತ್ತಗೆ ತಟ್ಟಿದೆ. 14 ಎಂಬ ಅಂಕಿ ಎರಡಾಯಿತು, ಮೂರಾಯಿತು, ನೀರಿನಲ್ಲಿ ಕಂಡ ನೆರಳಿನಂತೆ ನಡುಗುತ್ತ ಹೋಯಿತು. ಒಂದು, ಎರಡು, ಮೂರು ಎಂದು ಎಣಿಸಿದೆ. ನಾಲ್ಕಕ್ಕೆ ನಿಂತಿತು. ಅದೇ ಕ್ಯಾಮೆರಾವನ್ನು ಎದೆಮಟ್ಟದ್ದರ ಮೇಲಿಟ್ಟು ಅದೇ ಅಂಕಿಯನ್ನು ಹಿಡಿದು ಹಾಗೆಯೇ ತಟ್ಟಿದೆ. ಒಂದು ಎನ್ನುವಷ್ಟರಲ್ಲಿ 14 ತನ್ನ ಚೌಕದಲ್ಲಿ ಸುಮ್ಮನೆ ಕೂತಿತ್ತು.

ಅಂಗಡಿಯವರು ನೋಡುತ್ತಲೇ ಇದ್ದರು. ‘ಬಂದೋರೆಲ್ಲ ಹೈಟ್ ಎಷ್ಟು ಅಂತ ಕೇಳ್ತಾರೆ ಸರ್, ಕಾಲು ಎಷ್ಟು ದಪ್ಪ ಇದೆ ಅಂತ ಯಾರೂ ಕೇಳಲ್ಲ’ ಅಂದರು.

ಕೇಳಬೇಕಾದ್ದು ಅದನ್ನೇ. ಅಗ್ಗದ ಟ್ರೈಪಾಡುಗಳ ಮೇಲಿನ ಕೊಳವೆ 20–22 ಮಿಲಿಮೀಟರ್ ದಪ್ಪ ಇರುತ್ತದೆ. ಸ್ವಲ್ಪ ಮೇಲಿನವು 25, 28. ಓದುವಾಗ ಆರು ಮಿಲಿಮೀಟರ್ ಏನು ಮಹಾ ಎನಿಸುತ್ತದೆ. ಆದರೆ ಒಂದೇ ಲೋಹದ, ಒಂದೇ ತೆಳುವಿನ ತಗಡಿನ ಕೊಳವೆ ಬಾಗದೆ ನಿಲ್ಲುವ ಶಕ್ತಿ ಅದರ ಅಡ್ಡಳತೆಯ ಘನದಂತೆ ಏರುತ್ತದೆ. 22ರಿಂದ 28ಕ್ಕೆ ಹೋದರೆ ಗಟ್ಟಿತನ ಎರಡು ಪಟ್ಟು. ಉದ್ದದ ಲೆಕ್ಕ ಇದಕ್ಕೆ ಉಲ್ಟಾ. ಕಾಲು ಉದ್ದವಾದಷ್ಟೂ ಬಾಗುವುದು ಅದೇ ಘನದ ಲೆಕ್ಕದಲ್ಲಿ ಹೆಚ್ಚುತ್ತದೆ. ಅಡಿಕೆ ತೋಟದಲ್ಲಿ ದೋಟಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೀಮಿತ ದುಡ್ಡಿನಲ್ಲಿ ತೆಳ್ಳಗಿನ ಎತ್ತರಕ್ಕಿಂತ ದಪ್ಪಗಿನ ಗಿಡ್ಡತನವೇ ಲೇಸು.

ಡಬ್ಬದ ಮೇಲಿನ 5 ಕಿಲೊ ಎಂಬ ಮಾತನ್ನು ಹೆಚ್ಚು ನಂಬಬೇಡಿ. ಎಲ್ಲ ತಯಾರಕರೂ ಒಂದೇ ಬಗೆಯಲ್ಲಿ ಅಳೆದು ಬರೆಯುವ ಅಂಕಿ ಅಲ್ಲ ಅದು. ಮುರಿಯದೆ ಹೊರುವುದು ಬೇರೆ, ಅಲುಗದೆ ಹೊರುವುದು ಬೇರೆ. ಕ್ಯಾಮೆರಾ, ಲೆನ್ಸಿನ ತೂಕದ ಮೂರು ಪಟ್ಟಾದರೂ ಬರೆದಿರಲಿ, ನಾಳೆ ದೊಡ್ಡ ಜೂಮ್ ಲೆನ್ಸು ಬಂದರೂ ತಾಳುತ್ತದೆ. ಅಷ್ಟು ನೋಡಿಕೊಂಡ ಮೇಲೆ ಉಗುರಿನಿಂದ ತಟ್ಟಿಯೇ ತೀರ್ಮಾನ ಮಾಡಿ. ಆನ್‌ಲೈನಿನಲ್ಲಿ ತರಿಸುವವರು ಮರಳಿಸುವ ಅವಕಾಶ ಇರುವುದನ್ನೇ ತರಿಸಿ, ಬಂದ ದಿನವೇ ಮನೆಯ ಕ್ಯಾಲೆಂಡರ್ ಮುಂದೆ ಈ ಪರೀಕ್ಷೆ ಮಾಡಲಿ.

ಎತ್ತರದ ಬಗ್ಗೆ ಇನ್ನೊಂದು ಮಾತು. ನಡುವಿನ ಕಂಬ, ಸೆಂಟರ್ ಕಾಲಂ ಅನ್ನುತ್ತಾರಲ್ಲ, ಅದನ್ನು ಪೂರ್ತಿ ಮೇಲೆಳೆದು ಅಳೆದ ಎತ್ತರವನ್ನೇ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಕಂಬ ಎಳೆದರೆ ಮೂರು ಕಾಲಿನ ಮೇಲೆ ಒಂಟಿಕಾಲು ನಿಲ್ಲಿಸಿದಂತೆ. ಮೂರು ಕಲ್ಲಿಟ್ಟು ಒಲೆ ಹೂಡುತ್ತಿದ್ದವರಿಗೆ ಗೊತ್ತಿತ್ತು, ನೆಲ ಎಷ್ಟೇ ಏರುತಗ್ಗಿದ್ದರೂ ಮೂರು ಕಲ್ಲು ಒಂದಕ್ಕೊಂದು ಒಪ್ಪಿ ಕೂರುತ್ತವೆ, ನಾಲ್ಕಿಟ್ಟರೆ ಒಂದು ಎದ್ದು ನಿಲ್ಲುತ್ತದೆ. ಮುಕ್ಕಾಲಿಯ ಬಲ ಇರುವುದು ಆ ಮೂರರಲ್ಲಿ. ಕಂಬ ಎಳೆಯದೆ ಎಷ್ಟು ಎತ್ತರ ಬರುತ್ತದೆ ಎಂದು ನೋಡಿ. ಅಕ್ಕನ ಮಗಳು 5 ಅಡಿ 2 ಇಂಚು. ಕಾಲುಗಳೇ 125 ಸೆಂಟಿಮೀಟರ್ ಬಂದರೆ ಹೆಡ್ಡು, ಕ್ಯಾಮೆರಾ ಸೇರಿ ಕಣ್ಣಿನ ಹತ್ತಿರಕ್ಕೆ ಬರುತ್ತದೆ. ಇನ್ನೂ ಸ್ವಲ್ಪ ಗಿಡ್ಡವಿದ್ದರೂ ಚಿಂತೆಯಿಲ್ಲ. ಒಳ್ಳೆಯ ಭೂದೃಶ್ಯ ಎಷ್ಟೋ ಸಲ ಸೊಂಟದ ಮಟ್ಟದಲ್ಲೇ ಸಿಗುತ್ತದೆ.

ಮಡಚಿದಾಗಿನ ಉದ್ದವೂ ತೂಕವೂ ಮುಖ್ಯ, ಯಾಕೆಂದರೆ ಮನೆಯಲ್ಲೇ ಬಿಟ್ಟುಹೋದ ಟ್ರೈಪಾಡ್ ಎಷ್ಟು ಗಟ್ಟಿಯಿದ್ದರೇನು. ಕಾಲೇಜು ಹುಡುಗಿ ಬಸ್ಸಿನಲ್ಲಿ ಓಡಾಡುವವಳು. ಬ್ಯಾಗಿನ ಪಕ್ಕದ ಜೇಬಿಗೆ ಸಿಕ್ಕಿಸುವಂತೆ 50 ಸೆಂಟಿಮೀಟರ್ ಒಳಗಿರಬೇಕು, ತೂಕ ಒಂದೂವರೆ ಕಿಲೊ ಆಚೀಚೆ. ಕಾರ್ಬನ್ ಫೈಬರ್ ಕಾಲಿನದು ಹಗುರ ನಿಜ, ಬೆಳಗಿನ ಚಳಿಯಲ್ಲಿ ಕೈಗೆ ಅಷ್ಟು ತಣ್ಣಗೆ ತಾಕುವುದೂ ಇಲ್ಲ. ಆದರೆ ಉಳಿಯುವ ತೂಕ ಮುನ್ನೂರು ನಾನೂರು ಗ್ರಾಂ, ಬೆಲೆ ದುಪ್ಪಟ್ಟೋ ಇನ್ನೂ ಹೆಚ್ಚೋ. ಮೊದಲ ಟ್ರೈಪಾಡಿಗೆ ಅಲ್ಯೂಮಿನಿಯಂ ಸಾಕು.

ಕಾಲಿನ ಲಾಕಿನಲ್ಲಿ ಎರಡು ಬಗೆ. ಮಡಚಿ ಒತ್ತುವ ಕ್ಲಿಪ್ಪು, ಸುತ್ತಿ ಬಿಗಿಯುವ ಉಂಗುರ. ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಹೊಸಬರಿಗೆ ಕ್ಲಿಪ್ಪು ಸುಲಭ, ಹಾಕಿದೆಯೋ ಇಲ್ಲವೋ ದೂರದಿಂದಲೇ ಕಾಣುತ್ತದೆ.

ನಿಜಕ್ಕೂ ನಿಧಾನವಾಗಿ ನೋಡಬೇಕಾದ್ದು ತಲೆ. ಬಾಲ್ ಹೆಡ್ಡಿನಲ್ಲಿ ಒಂದು ಗುಂಡು, ಒಂದು ತಿರುಪು. ಸಡಿಲಿಸಿದರೆ ಎತ್ತ ಬೇಕಾದರೂ ಹೊರಳುತ್ತದೆ, ಬಿಗಿದರೆ ನಿಲ್ಲುತ್ತದೆ. ಪ್ಯಾನ್ ಹೆಡ್ಡಿನಲ್ಲಿ ಎರಡು ಮೂರು ಹಿಡಿಕೆಗಳು, ಮೇಲೆ ಕೆಳಗೆ ಒಂದು, ಎಡಕ್ಕೆ ಬಲಕ್ಕೆ ಒಂದು. ದೇವಸ್ಥಾನದ ಕಂಬದ ಸಾಲನ್ನು ನೆಟ್ಟಗೆ ತೆಗೆಯಲು ಪ್ಯಾನ್ ಹೆಡ್ಡೇ ವಾಸಿ, ಆದರೆ ಹಿಡಿಕೆಗಳು ಬ್ಯಾಗಿನಲ್ಲಿ ಎಲ್ಲದಕ್ಕೂ ಸಿಕ್ಕಿಕೊಳ್ಳುತ್ತವೆ. ವಿಡಿಯೊ ಮಾಡುವವರಾದರೆ ನಯವಾಗಿ ತಿರುಗುವ ಫ್ಲೂಯಿಡ್ ಹೆಡ್ ಬೇಕು. ಫೋಟೊ ಕಲಿಯುವವರಿಗೆ ನನ್ನ ಮತ ಬಾಲ್ ಹೆಡ್ಡಿಗೆ. ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಕ್ಯಾಮೆರಾ ಕೂರಿಸಿ, ಚೌಕಟ್ಟಿನ ಅಂಚಿಗೆ ಏನಾದರೊಂದನ್ನು ಸರಿಯಾಗಿ ತಾಗಿಸಿ ಬಿಗಿಯಿರಿ, ಕೈ ಬಿಡಿ. ಲೆನ್ಸಿನ ಮೂತಿ ಒಂದು ಕೂದಲೆಳೆ ಕೆಳಗಿಳಿಯಬಹುದು. ಕಣ್ಣಿಗೆ ಕಾಣುವಷ್ಟು ಇಳಿದರೆ ಆ ಹೆಡ್ಡು ಬೇಡ.

ಪ್ಲೇಟು ಲೋಹದ್ದೇ ಇರಲಿ. ಇದರಲ್ಲಿ ರಾಜಿ ಬೇಡ ಎಂದು ಕೆರೆ ಏರಿ ನನಗೆ ಕಲಿಸಿದೆ. ಆರ್ಕಾ-ಸ್ವಿಸ್ ಮಾದರಿಯ, ಸುಮಾರು 38 ಮಿಲಿಮೀಟರ್ ಅಗಲದ ಪ್ಲೇಟು ಈಗ ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಕಳೆದುಹೋದರೆ ಬೇರೆ ಕಂಪನಿಯದೂ ಹೊಂದುತ್ತದೆ. ತನ್ನದೇ ಅಳತೆಯ ಪ್ಲೇಟಿರುವ ಅಗ್ಗದ ಟ್ರೈಪಾಡಿನಲ್ಲಿ ಆ ಒಂದು ತುಂಡು ಕಳೆದರೆ ಇಡೀ ಸ್ಟ್ಯಾಂಡು ಬಟ್ಟೆ ಒಣಹಾಕಲು ಮಾತ್ರ. ಕ್ಯಾಮೆರಾ ತಳದ ತೂತಿನ ಬಗ್ಗೆ ಯೋಚನೆ ಬೇಡ, ಯಾವ ಕಂಪನಿಯ ಕ್ಯಾಮೆರಾ ಆದರೂ ಅದು ಕಾಲು ಇಂಚಿನ ತಿರುಪಿಗೇ ಹೊಂದುತ್ತದೆ. ಮೊಬೈಲಿನಲ್ಲಿ ತೆಗೆಯುವ ಹುಡುಗರಿಗೂ ಇದೇ ಟ್ರೈಪಾಡ್ ಆಗುತ್ತದೆ, ಕಾಲು ಇಂಚಿನ ತೂತಿರುವ ಮೊಬೈಲ್ ಹೋಲ್ಡರ್ ಜೊತೆಗಿಟ್ಟರೆ ಆಯಿತು. ಹೆಡ್ಡು ಮತ್ತು ಕಾಲು ಕೂಡುವ ಕಡೆ ಮಾತ್ರ ಸಾಮಾನ್ಯವಾಗಿ 3/8 ಇಂಚಿನ ತಿರುಪು. ಹೆಡ್ಡು ಬಿಚ್ಚಲು ಬರುತ್ತದೆಯೇ ಎಂದು ನೋಡಿ. ಬಂದರೆ ನಾಲ್ಕು ವರ್ಷದ ನಂತರ ಹೆಡ್ಡು ಮಾತ್ರ ಬದಲಿಸಿ ಅದೇ ಕಾಲುಗಳನ್ನು ಉಳಿಸಿಕೊಳ್ಳಬಹುದು.

ಹೆಸರು ಕೇಳುವವರಿಗೆ ಹೇಳುವುದಾದರೆ ಡಿಜಿಟೆಕ್, ಸಿಂಪೆಕ್ಸ್, ಫೋಟ್ರಾನ್, ಬೆನ್ರೊ, ವ್ಯಾನ್‌ಗಾರ್ಡ್, ಮ್ಯಾನ್‌ಫ್ರೋಟೊ ಎಲ್ಲವೂ ನಮ್ಮ ಅಂಗಡಿಗಳಲ್ಲಿ ಕಾಣುತ್ತವೆ. ಒಂದೇ ಹೆಸರಿನಡಿ ತೆಳ್ಳಗಿನದೂ ಇರುತ್ತದೆ, ದಪ್ಪಗಿನದೂ ಇರುತ್ತದೆ. ಹೆಸರು ನೋಡಿ ಕೊಂಡರೆ ಆಗದು, ಬಿಚ್ಚಿ ನಿಲ್ಲಿಸಿಯೇ ನೋಡಬೇಕು. 4,000 ರೂಪಾಯಿಯೂ ಹೆಚ್ಚಾಯಿತು ಎನ್ನುವವರು ಊರಿನ ಹಳೆಯ ಸ್ಟುಡಿಯೊಗಳಲ್ಲಿ ವಿಚಾರಿಸಿ. ಮದುವೆ ಫೋಟೊ ತೆಗೆಯುವವರಲ್ಲಿ ಅನೇಕರು ಈಗ ಗಿಂಬಲ್ ಹಿಡಿದು ಓಡಾಡುತ್ತಾರೆ, ಹಿಂದಿನ ಗಟ್ಟಿ ಸ್ಟ್ಯಾಂಡು ಮೂಲೆಯಲ್ಲಿರುತ್ತದೆ. ಕ್ಯಾಮೆರಾದಂತೆ ಟ್ರೈಪಾಡ್ ಹಳತಾಗುವುದಿಲ್ಲ. ಕೊಳವೆ ನೆಗ್ಗಿಲ್ಲದೆ, ಲಾಕುಗಳು ಜಾರದೆ, ಹೆಡ್ಡು ಹಿಡಿದಲ್ಲಿ ನಿಂತರೆ ಹದಿನೈದು ವರ್ಷ ಹಳೆಯದಾದರೂ ಹೊಸದರಷ್ಟೇ ಕೆಲಸ ಮಾಡುತ್ತದೆ. ಹೊಳಪು ಹೋಗಿರುವುದು ಉಡುಗೊರೆಗೆ ಕುಂದೆಂದು ನನಗನಿಸುವುದಿಲ್ಲ.

ನಾನು ಎದೆಮಟ್ಟದ್ದನ್ನೇ ಕೊಂಡೆ. ಮೇಲಿನ ಕೊಳವೆ 28 ಮಿಲಿಮೀಟರ್, ತೂಕ 1.6 ಕಿಲೊ, ಮಡಚಿದರೆ 47 ಸೆಂಟಿಮೀಟರ್. ಇನ್ನೊಂದು ಪ್ಲೇಟು ಸೇರಿಸಿ 4,300 ಆಯಿತು. ಪ್ಲೇಟು ಹೆಚ್ಚಿಗೆ ಒಂದಿರಲಿ, ಅದು ಕಳೆಯುವುದು ಬಸ್ಸು ಹಿಡಿಯುವ ಅವಸರದಲ್ಲೇ.

ಟ್ರೈಪಾಡಿನ ಜೊತೆ ಒಂದು ಹಾಳೆಯಲ್ಲಿ ಬರೆದಿಟ್ಟದ್ದೂ ಇದೆ. ಉಡುಗೊರೆ ಕೊಡುವವರು ಇದನ್ನು ಮರೆಯಬಾರದು ಎಂಬುದು ನನ್ನ ಕೋರಿಕೆ, ಯಾಕೆಂದರೆ ಡಬ್ಬದೊಳಗಿನ ಕಾಗದ ಇದನ್ನು ಹೇಳುವುದಿಲ್ಲ. ದಪ್ಪ ಕೊಳವೆಯನ್ನು ಮೊದಲು ಎಳೆ, ಅತಿ ತೆಳ್ಳಗಿನದನ್ನು ಕೊನೆಗೆ. ಒಂದು ಕಾಲು ಲೆನ್ಸು ನೋಡುವ ದಿಕ್ಕಿಗೇ ಇರಲಿ. ಇಳಿಜಾರಿನಲ್ಲಿ ಎರಡು ಕಾಲು ಕೆಳಗಡೆಗೆ. ಗಾಳಿ ಇದ್ದರೆ ನಡುಕಂಬದ ಕೊಕ್ಕೆಗೆ ಬ್ಯಾಗು ತೂಗುಹಾಕು, ಅದು ಓಲಾಡದಂತೆ ನೆಲಕ್ಕೆ ತಾಕಿಸು. ಶಟರನ್ನು ಬೆರಳಿನಿಂದ ಒತ್ತಿ ತೆಗೆಯಬೇಡ, ಎರಡು ಸೆಕೆಂಡಿನ ಟೈಮರ್ ಹಾಕು. ಲೆನ್ಸಿನ ಸ್ಟೆಬಿಲೈಸೇಶನ್ ಆಫ್ ಮಾಡು. ಹಳ್ಳಕ್ಕಿಳಿದರೆ ಲಾಕು ನೀರಿನಿಂದ ಮೇಲೆ ಉಳಿಯುವಂತೆ ಕೆಳಗಿನ ತೆಳು ಕೊಳವೆಯನ್ನೇ ಪೂರ್ತಿ ಎಳೆ. ಕಾರವಾರಕ್ಕೋ ಮಲ್ಪೆಗೋ ಹೋಗಿ ಬಂದರೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಬಿಚ್ಚಿಟ್ಟು ಒಣಗಿಸಿಯೇ ಮಡಚು. ನಕ್ಷತ್ರ ತೆಗೆಯುವ ಆಸೆ ಇದ್ದರೆ 18 ಎಂಎಂನಲ್ಲಿ 18 ಸೆಕೆಂಡು ಮೀರಬೇಡ, ಮೀರಿದರೆ ಭೂಮಿ ತಿರುಗುವುದು ಚಿತ್ರದಲ್ಲಿ ಗೆರೆಯಾಗಿ ಕಾಣುತ್ತದೆ.

ಆ ಹಾಳೆಯ ಕೊನೆಯಲ್ಲಿ ಹಂಪಿ, ಬಾದಾಮಿ, ಬೇಲೂರು ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಕ್ಯಾಮೆರಾ ಒಯ್ಯಬಹುದು, ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು. ಬೆಳಗಿನ ಬಸ್ಸಿಗೆ ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುವ ಬೇಸರ ಅವಳಿಗೆ ಬೇಡ.

ಹಂಪಿಯ ಹೆಸರು ಬಂದಾಗ ನನಗೆ ನೆನಪಾಗುವವನು ಅಲೆಕ್ಸಾಂಡರ್ ಗ್ರೀನ್‌ಲಾ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಅಧಿಕಾರಿ. 1856ರಲ್ಲಿ ಹಂಪಿಯ ಬಂಡೆಗಳ ನಡುವೆ ಮರದ ದೊಡ್ಡ ಕ್ಯಾಮೆರಾ ಇಟ್ಟುಕೊಂಡು ಅಲೆದವನು. ಅವನ ನೆಗೆಟಿವ್ ಫಿಲ್ಮಿನದಲ್ಲ, ಗಾಜಿನದೂ ಅಲ್ಲ, ಮೇಣ ಹಚ್ಚಿದ ಕಾಗದದ್ದು. ಒಂದೊಂದೂ ಸುಮಾರು 16 ಇಂಚಿಗೆ 18 ಇಂಚು, ಹೆಚ್ಚುಕಡಿಮೆ ನಮ್ಮ ದಿನಪತ್ರಿಕೆಯ ಪುಟದಷ್ಟು. ಆ ಕಾಗದದ ಮೇಲೆ ಬೆಳಕು ಮೂಡಲು ನಿಮಿಷಗಟ್ಟಲೆ ಹೊತ್ತು ಬೇಕಿತ್ತು. ಅಷ್ಟು ಹೊತ್ತು ಕ್ಯಾಮೆರಾ ಅಲ್ಲಾಡಬಾರದು. ಕಲ್ಲಿನ ರಥ, ಮಂಟಪ, ಬಜಾರಿನ ಸಾಲು ಅವನ ಚಿತ್ರಗಳಲ್ಲಿ ಎಷ್ಟು ನಿಚ್ಚಳವಾಗಿ ಉಳಿದಿವೆಯೆಂದರೆ, 1980ರ ದಶಕದಲ್ಲಿ ಆಸ್ಟ್ರೇಲಿಯಾದ ಫೋಟೊಗ್ರಾಫರ್ ಜಾನ್ ಗೋಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ, ಅದೇ ಕೋನದಲ್ಲಿ ಕ್ಯಾಮೆರಾ ಊರಿ ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಬಿದ್ದ ಗೋಪುರ ಯಾವುದು, ಉಳಿದ ಕಂಬ ಯಾವುದು ಎಂದು ಕಲ್ಲು ಕಲ್ಲನ್ನೂ ಹೋಲಿಸಬಹುದು. ಸುಮಾರು 130 ವರ್ಷದ ಅಂತರದ ಆ ಎರಡು ಚಿತ್ರಗಳಿಗೂ ಆಧಾರವಾದದ್ದು ನೆಲದಲ್ಲಿ ಊರಿದ ಮೂರು ಕಾಲು.

ನಿಧಾನ ಶಟರಿನಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. 1838ರಲ್ಲಿ ಪ್ಯಾರಿಸ್ಸಿನ ಬೀದಿಯೊಂದನ್ನು ಫೋಟೊಗ್ರಫಿಯ ಮೊದಲಿಗರಲ್ಲೊಬ್ಬನಾದ ಡಗೇರ್ ಕಿಟಕಿಯಿಂದ ತೆಗೆದಾಗ ಗಾಡಿಗಳು, ಜನ ಎಲ್ಲ ಚಿತ್ರದಿಂದ ಅಳಿಸಿಹೋದರು. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದ ಒಬ್ಬನೂ ಪಾಲಿಶ್ ಹಾಕುತ್ತಿದ್ದವನೂ ಮಾತ್ರ ಉಳಿದರು. ಚಲಿಸಿದ್ದು ಮಾಯವಾಗುತ್ತದೆ ಅಥವಾ ಹೊಗೆಯಾಗುತ್ತದೆ, ನಿಂತದ್ದು ಉಳಿಯುತ್ತದೆ. ಟ್ರೈಪಾಡ್ ಸಿಕ್ಕ ಮೇಲೆ ಹೊಸಬರು ಮೊದಲು ಬೆರಗಾಗುವುದು ಇದಕ್ಕೇ. ಅರ್ಧ ಸೆಕೆಂಡಿನಲ್ಲಿ ಹಳ್ಳದ ನೀರು ನೂಲಾಗುತ್ತದೆ, ಹತ್ತು ಸೆಕೆಂಡಿನಲ್ಲಿ ರಸ್ತೆಯ ವಾಹನಗಳು ಹೋಗಿ ಕೆಂಪು ಗೆರೆಗಳು ಉಳಿಯುತ್ತವೆ. ಭಾನುವಾರ ಸಂಜೆ ಮೈಸೂರು ಅರಮನೆಯ ದೀಪ ಹೊತ್ತಿದಾಗ ಮುಂದೆ ಓಡಾಡುವ ಜನಜಂಗುಳಿ ತೆಳುವಾಗಿ, ಸಾವಿರ ಸಾವಿರ ಬಲ್ಬುಗಳು ಒಂದೊಂದೂ ಚುಕ್ಕೆಯಾಗಿ ನಿಲ್ಲುತ್ತವೆ.

ಇದನ್ನೆಲ್ಲ ಹೇಳಿಕೊಡಬೇಕೆಂದು ಹುಟ್ಟುಹಬ್ಬದ ದಿನ ಅಕ್ಕನ ಮನೆಗೆ ಹೋಗಿದ್ದೆ. ಪೊಟ್ಟಣ ಬಿಚ್ಚಿದವಳು ಮೊದಲು ಕಾಲುಗಳನ್ನೆಲ್ಲ ಎಳೆದು, ನಡುಕಂಬವನ್ನೂ ಮೇಲೆತ್ತಿ, ಜಗಲಿಯಲ್ಲಿ ನಿಲ್ಲಿಸಿ ದೂರದಿಂದ ನೋಡಿದಳು. ಕಂಬ ಇಳಿಸು ಎಂದೆ. ಇಳಿಸಿದಳು. ಕ್ಯಾಮೆರಾ ಕೂರಿಸಿದಳು. ಹತ್ತು ಸೆಕೆಂಡಿನ ಟೈಮರ್ ಹಾಕಿ ಓಡಿಬಂದು ನಮ್ಮ ನಡುವೆ ಕೂತಳು. ಕ್ಯಾಮೆರಾ ಬಂದಾಗಿನಿಂದ ಮನೆಯ ಒಂದು ಫೋಟೊದಲ್ಲೂ ಅವಳಿರಲಿಲ್ಲ ಎಂದು ಅಕ್ಕ ಅಂದಾಗಲೇ ನನಗೆ ಹೊಳೆದದ್ದು.

ಫೆಬ್ರುವರಿಯಲ್ಲಿ ಅವಳು ರಜೆಗೆಂದು ಅಜ್ಜಿಯ ಮನೆಗೆ, ಅಂದರೆ ನನ್ನ ಅಮ್ಮನ ಹತ್ತಿರ ಹೋದಳು. ಅಲ್ಲಿ ಸಂಜೆ ಕರೆಂಟು ಹೋದರೆ ಬರುವುದು ಯಾವಾಗಲೋ. ಒಂದು ರಾತ್ರಿ ಎಂಟು ಗಂಟೆಗೆ ಫೋಟೊ ಬಂತು. ಈ ಸಲ ಒಂದೇ. ದೇವರ ಕೋಣೆಯ ಹೊಸ್ತಿಲ ಬಳಿ ಅಮ್ಮ ಕೂತಿದ್ದಾಳೆ, ಮುಂದೆ ಒಂದು ದೀಪ, ಬೇರೆ ಬೆಳಕೇ ಇಲ್ಲ. ಐಎಸ್‌ಒ 400, ಶಟರ್ ಒಂದು ಸೆಕೆಂಡು. ಕುಡಿ ನೆಟ್ಟಗೆ ನಿಂತಿತ್ತು. ಅಮ್ಮನ ಹಣೆಯ ಗೆರೆಗಳು, ಮೂಗುಬಟ್ಟಿನ ಹರಳು, ಹಿಂದಿನ ಬಾಗಿಲ ಚೌಕಟ್ಟಿನ ಕೆತ್ತನೆ, ಒಂದೊಂದೂ ಬೇರೆಬೇರೆಯಾಗಿ ಕಾಣುತ್ತಿದ್ದವು. ದೀಪದ ಹತ್ತಿರ ಅವಳ ಬಲಗೈಯ ಬೆರಳುಗಳು ಮಾತ್ರ ಮಸುಕು.

‘ಅಜ್ಜಿ ಕೈ ಶೇಕ್ ಆಗಿದೆ ಮಾವ, ಇನ್ನೊಂದು ತೆಗೀಲಾ?’

‘ಬೇಡ, ಇದನ್ನೇ ಇಟ್ಟುಕೋ. ಅಜ್ಜಿ ಬತ್ತಿ ಸರಿಮಾಡ್ತಿದ್ದಾಳೆ’ ಎಂದು ಬರೆದೆ.